ಬಿಟ್ಟ ಸಂಜೆಗಳ ಬಾಬ್ತು

ನಮ್ಮ ಊರಿನಲ್ಲಿ ಕಂದಾಯವನ್ನು ಸಂಜೆಯ ರೂಪದಲ್ಲಿ ಕಟ್ಟುತ್ತಾರೆ. ಮನೆಯ ಅಳತೆ ನೋಡಿ ಪುರಸಭೆಯವರು ಈ ಮನೆಗೆ ಇಷ್ಟು ಸಂಜೆ ಎಂದು ಗೊತ್ತು ಮಾಡುತ್ತಾರೆ. ಬೀದಿಯಲ್ಲಿ ಬಿಸಿಲು ಇನ್ನೂ ಹಳದಿಯಾಗಿ ಬಿದ್ದಿರುವಾಗಲೇ ಮನೆಯೊಳಗೆ ಕತ್ತಲಾಗುತ್ತದೆ. ಆಗ ದೀಪ ಹಚ್ಚಿದರೆ ಉರಿಯುತ್ತದೆ, ಆದರೆ ತನ್ನ ಕುಡಿಯನ್ನು ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ. ಹೊರಗೆ ನಿಜವಾಗಿ ಇರುಳು ಬಿದ್ದ ಮೇಲೆ ಅದೇ ದೀಪ ಎಲ್ಲ ಊರುಗಳ ದೀಪದಂತೆ ಬೆಳಗುತ್ತದೆ. ಆದ್ದರಿಂದ ನಮ್ಮ ಹೆಂಗಸರು ಕಾಯಿಪಲ್ಲೆ ಹೆಚ್ಚುವುದನ್ನು ಮಧ್ಯಾಹ್ನದಲ್ಲೇ ಮುಗಿಸುತ್ತಾರೆ. ಹೆಣ್ಣು ನೋಡುವವರು ಬೆಳಿಗ್ಗೆ ಬರುತ್ತಾರೆ. ಸಂಜೆ ಊರಿಗೆ ಊರೇ ಕಟ್ಟೆಯ ಮೇಲೆ ಕುಳಿತಿರುತ್ತದೆ, ಹೀಗಾಗಿ ಯಾರ ಮನೆಯ ಜಗಳವೂ ಆ ಮನೆಯಲ್ಲೇ ಉಳಿಯುವುದಿಲ್ಲ. ವಸೂಲಾದ ಸಂಜೆಯನ್ನು ಪುರಸಭೆಯವರು ಆಸ್ಪತ್ರೆಗೆ, ದೋಣಿಕಟ್ಟೆಗೆ, ಶಾಲೆಗೆ, ಸೇತುವೆಗೆ ಹಂಚುತ್ತಾರೆ. ಆಸ್ಪತ್ರೆ, ಶಾಲೆಗಳೊಳಗೆ ಸಂಜೆ ಹೊತ್ತು ಹಂಚಿಕೆಯಲ್ಲಿ ಬಂದಷ್ಟೇ ಬೆಳಕು. ಹಂಚುವ ಲೆಕ್ಕವನ್ನು ವರ್ಷಕ್ಕೊಮ್ಮೆ ಪುಸ್ತಕವಾಗಿ ಅಚ್ಚು ಹಾಕಿಸಿ ಊರಿನ ಎಲ್ಲ ಪ್ರಾರ್ಥನಾ ಮಂದಿರಗಳಿಗೂ ಕಳಿಸುತ್ತಾರೆ. ಪ್ರತಿಯೊಂದು ಮಂದಿರದವರೂ ಅದನ್ನು ಓದಿ, ಒಂದೇ ಒಂದು ವಾಕ್ಯದಲ್ಲಿ ತಮ್ಮ ಅಭಿಪ್ರಾಯ ಬರೆದು ಹಿಂದಿರುಗಿಸಬೇಕು. ಅದಾಗದ ಹೊರತು ಲೆಕ್ಕ ಮಂಜೂರಾಗುವುದಿಲ್ಲ.

ನಾನು ಮಿಷನ್ ಮುದ್ರಣಾಲಯದಲ್ಲಿ ರಟ್ಟು ಕಟ್ಟುವ ಕೆಲಸದಲ್ಲಿದ್ದವನು. ಹೆಸರು ದಾನಿಯೇಲಪ್ಪ. ಆ ಲೆಕ್ಕದ ಪುಸ್ತಕಕ್ಕೆ ನನ್ನ ಆಯುಷ್ಯವೆಲ್ಲ ರಟ್ಟು ಕಟ್ಟಿದೆ. ಈ ವರ್ಷ ದಪ್ಪವಾಗಿದೆ, ಈ ವರ್ಷ ತೆಳುವಾಗಿದೆ ಎಂಬುದನ್ನು ಬಿಟ್ಟರೆ ಅದರೊಳಗೆ ಏನಿದೆಯೆಂದು ನೋಡಿದವನಲ್ಲ. ನಮ್ಮ ಚರ್ಚಿನವರೂ ನೋಡಿದವರಲ್ಲ. ದೇವರು ಅಧಿಕಾರಿಗಳಿಗೆ ಒಳ್ಳೆಯ ಬುದ್ಧಿ ಕೊಡಲಿ ಎಂಬ ವಾಕ್ಯವನ್ನು ಪ್ರತಿವರ್ಷ ಬರೆದು ಕಳಿಸಿಬಿಡುತ್ತಿದ್ದರು.

ನನ್ನ ಹೆಂಡತಿ ರಾಹೇಲ ಒಂದು ಮಳೆಗಾಲದ ಕೊನೆಗೆ ಊರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ಸಂಜೆ ವಾರ್ಡಿನ ಪಾಲಿಗೆ ಬಂದಿದ್ದ ಬೆಳಕು ಬೇಗನೆ ಮುಗಿದುಹೋಯಿತು. ಕಿಟಕಿಯ ಆಚೆ ಹುಣಸೆಮರದ ಮೇಲೆ ಬಿಸಿಲಿತ್ತು, ಒಳಗೆ ದಾದಿ ರಾಹೇಲಳ ತೋಳನ್ನು ತಡವುತ್ತ ನರ ಹುಡುಕುತ್ತಿದ್ದಳು. ರಾಹೇಲಳ ಇನ್ನೊಂದು ಕೈ ನನ್ನ ಕೈಯಲ್ಲಿತ್ತು. ಮುಖ ಕಾಣಲಿಲ್ಲ. ಡಾಕ್ಟರು ಒಳ್ಳೆಯವರು. ಇನ್ನಷ್ಟು ಬೆಳಕಿದ್ದಿದ್ದರೆ ಎಂದು ಮಾತು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಆಕೆ ಕರ್ತನ ಬಳಿಯಲ್ಲಿದ್ದಾಳೆಂದು ನಾನು ನಂಬಿದ್ದೇನೆ. ಆ ನಂಬಿಕೆಯಲ್ಲಿ ಒಂದು ದಿನವೂ ಅನುಮಾನ ಬಂದಿಲ್ಲ. ಆದರೂ ಮನೆಗೆ ಬಂದರೆ ಮನೆ ಬರಿದಾಗಿಯೇ ಇರುತ್ತಿತ್ತು.

ಸಾವಾದ ಮನೆ ಒಂದು ವರ್ಷ ತುಂಬುವವರೆಗೆ ಸಂಜೆ ಕಟ್ಟಬೇಕಾಗಿಲ್ಲ. ಇದು ನಮ್ಮ ಊರಿನ ಹಳೆಯ ಪದ್ಧತಿ. ಮಣ್ಣು ಮಾಡಿ ಬಂದ ದಿನದಿಂದಲೇ ನನ್ನ ಪಡಸಾಲೆಯಲ್ಲಿ ಬೀದಿಯಲ್ಲಿದ್ದಷ್ಟೇ ಹೊತ್ತು ಬೆಳಕು ಇರತೊಡಗಿತು. ನನಗೆ ಅದು ಬೇಕಾಗಿರಲಿಲ್ಲ. ಮೊಳೆಗೆ ತೂಗುಹಾಕಿದ್ದ ಆಕೆಯ ಕೊಡೆ, ಗೂಡಿನಲ್ಲಿದ್ದ ಕನ್ನಡಕ, ಎಲ್ಲವೂ ಕಣ್ಣಿಗೆ ಬೀಳುತ್ತಿದ್ದವು. ಕತ್ತಲಾಗಿದ್ದರೆ ಚೆನ್ನಾಗಿತ್ತೆಂದು ಅಂದುಕೊಳ್ಳುತ್ತಿರುವಾಗ ಒಂದು ಸಂಜೆ ಎದುರುಮನೆಯ ಹುಸೇನಬಿ ಬಟ್ಟೆಯ ಗಂಟು ಹೊತ್ತುಕೊಂಡು ಒಳಗೆ ಬಂದಳು. ಬರಲೇ ಎಂದು ಕೇಳಲಿಲ್ಲ. ಪಡಸಾಲೆಯ ತುಂಬ ಹಳೆಯ ಸೀರೆಗಳನ್ನು ಹಾಸಿ, ಗಾಳಿಗೆ ಏಳದ ಹಾಗೆ ಮೂಲೆಗಳ ಮೇಲೆ ನಮ್ಮ ಒರಳಿನ ಗುಂಡು, ತಂಬಿಗೆ, ಒಂದು ಇಸ್ತ್ರಿಪೆಟ್ಟಿಗೆ ಇಟ್ಟು, ಕೌದಿ ಹೊಲಿಯಲು ಕುಳಿತಳು.

"ಕಾಕಾ, ಸ್ವಲ್ಪ ಸರೀರಿ. ನಿಮ್ಮ ಕುರ್ಚಿ ನನ್ನ ಕೌದಿ ಮ್ಯಾಲ ಐತಿ," ಎಂದಳು. ಆ ದಿನ ಆಕೆ ಆಡಿದ್ದು ಅಷ್ಟೇ.

ಹುಸೇನಬಿ ಹಗಲೆಲ್ಲ ಸಂತೆಕಟ್ಟೆಯಲ್ಲಿ ಸೊಪ್ಪು ಮಾರುವವಳು. ಮನೆಯಲ್ಲಿ ಹಾಸಿಗೆ ಹಿಡಿದ ತಮ್ಮನಿದ್ದಾನೆ. ಸೊಪ್ಪಿನಿಂದ ಇಬ್ಬರ ಹೊಟ್ಟೆ ತುಂಬುವುದಿಲ್ಲ, ಕೌದಿ ಹೊಲಿದೇ ಆಗಬೇಕು. ಕೌದಿಗೆ ಆಕೆಗೆ ಸಿಗುವುದು ಸಂಜೆಯೊಂದೇ, ಅದು ಆಕೆಯ ಮನೆಯಿಂದ ಪುರಸಭೆಗೆ ಹೋಗುತ್ತದೆ. ಬೀದಿಯಲ್ಲಿ ಹಾಸಿ ಹೊಲಿದರೆ ಚಕ್ಕಡಿಯ ಧೂಳು, ದನದ ಕಾಲು. ಆದ್ದರಿಂದ ಆಕೆ ಸಾವಾದ ಮನೆಗಳನ್ನು ಹುಡುಕಿಕೊಂಡು ಹೋಗಿ ಹೊಲಿಯುತ್ತಾಳೆ. ಆಕೆಯೊಬ್ಬಳೇ ಅಲ್ಲ, ಊರಿನಲ್ಲಿ ಎಷ್ಟೋ ಜನ ಹೀಗೆ ಬದುಕುತ್ತಾರೆ. ಕೆಲವು ದಿನಗಳಲ್ಲಿ ಬಡಿಗೇರ ನಿಂಗವ್ವ ಮೊರ ತೆಗೆದುಕೊಂಡು ಅಕ್ಕಿ ಆರಿಸಲು ಬಂದಳು. ಇಬ್ಬರ ಮಾತು ಶುರುವಾದರೆ ನಾನು ಅಲ್ಲಿದ್ದೇನೆಂಬ ನೆನಪೂ ಅವರಿಗೆ ಇರುತ್ತಿರಲಿಲ್ಲ. ಅದರಿಂದ ನನಗೆ ಹಿತವೆನಿಸಿತೋ ಬೇಸರವೆನಿಸಿತೋ ಎಂದು ಆಗ ಯೋಚಿಸಲಿಲ್ಲ.

ಆ ವರ್ಷ ನಮ್ಮ ಚರ್ಚಿಗೆ ಹೊಸ ಸಭಾಪಾಲಕರು ಬಂದಿದ್ದರು. ಶಾಂತಕುಮಾರ ಅಯ್ಯನವರು, ವಯಸ್ಸು ಚಿಕ್ಕದು. ದೀಕ್ಷೆ ತೆಗೆದುಕೊಳ್ಳುವ ಮೊದಲು ದೊಡ್ಡ ಊರಿನಲ್ಲಿ ಸರಕಾರದ ಆಯವ್ಯಯ ಶಾಸ್ತ್ರ ಓದಿದವರಂತೆ. ಪುರಸಭೆಯ ಲೆಕ್ಕದ ಪುಸ್ತಕ ಕೈಗೆ ಬಂದಾಗ ಅವರು, ಓದದೆ ಬರೆದ ಆಶೀರ್ವಾದ ಆಶೀರ್ವಾದವಲ್ಲ ಎಂದರು. ಭಾನುವಾರದ ಆರಾಧನೆ ಮುಗಿದ ಮೇಲೆ ಆಸಕ್ತಿ ಇದ್ದವರು ಉಳಿಯಬೇಕು, ಒಂದೊಂದೇ ಬಾಬ್ತನ್ನು ತೆಗೆದುಕೊಂಡು ಕ್ರೈಸ್ತರು ಇದನ್ನು ಹೇಗೆ ನೋಡಬೇಕೆಂದು ಪಾಠ ಮಾಡೋಣ ಎಂದು ಹೇಳಿದರು. ಹೆಚ್ಚು ಜನ ಉಳಿಯಲಿಲ್ಲ. ಸಭೆಯ ಖಜಾಂಚಿ ಎಲೀಶಪ್ಪ ಉಳಿದ, ಲೆಕ್ಕದ ಮಾತು ತನ್ನನ್ನು ಬಿಟ್ಟು ನಡೆಯಬಾರದೆಂದು. ಸ್ತ್ರೀಸಮಾಜದ ಸುಂದರಮ್ಮ ಉಳಿದರು, ಎಲೀಶಪ್ಪನನ್ನು ಸುಮ್ಮನೆ ಬಿಡಬಾರದೆಂದು. ಇನ್ನೂ ಕೆಲವರಿದ್ದರು. ನಾನು ಮನೆಗೆ ಹೋಗಿ ಮಾಡುವುದೇನೂ ಇಲ್ಲದ್ದರಿಂದ ಉಳಿದೆ.

ಅಯ್ಯನವರು ಚೆನ್ನಾಗಿ ಪಾಠ ಮಾಡುತ್ತಿದ್ದರು. ಬೈಬಲಿನಲ್ಲಿ ಬರುವ, ಬರಗಾಲಕ್ಕೆಂದು ಕಣಜ ತುಂಬಿಸಿದ ಮಂತ್ರಿಯ ಕಥೆಯನ್ನು ಮೀಸಲು ನಿಧಿಯ ಬಾಬ್ತಿಗೆ ಹೇಳಿದರು. ಅರಸನು ಬೇಕೆಂದು ಹಟ ಹಿಡಿದ ಜನರಿಗೆ ಪ್ರವಾದಿಯು, ಅವನು ನಿಮ್ಮ ಹೊಲದಲ್ಲೂ ಮಂದೆಯಲ್ಲೂ ಪಾಲು ಕೇಳುವನು ಎಂದು ಎಚ್ಚರಿಸಿದ್ದನ್ನು ಪುರಸಭಾಧ್ಯಕ್ಷರ ದರಬಾರಿನ ಖರ್ಚಿಗೆ ಹೇಳಿದರು. ತೆರಿಗೆ ಕೆಟ್ಟದ್ದಲ್ಲ, ಸುಂಕದ ಕಟ್ಟೆಯಿಂದ ಎದ್ದು ಬಂದವನನ್ನೂ ಸ್ವಾಮಿ ಶಿಷ್ಯನನ್ನಾಗಿ ಮಾಡಿಕೊಂಡರು ಎಂದರು.

"ಅದಕ್ಕ ಅವ ಕಟ್ಟಿ ಬಿಟ್ಟು ಎದ್ದು ಬಂದಿರಬೇಕ್ರಿ," ಎಂದರು ಸುಂದರಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಅಯ್ಯನೋರ, ಮುಂದಿನ ಬಾಬ್ತು ಹುಚ್ಚುನಾಯಿ ಹಿಡಿಯೋದು. ಅದಕ್ಕ ಯಾವ ವಚನ ಹುಡುಕ್ತೀರಿ?"

"ಅದನ್ನ ನೀವ ಹುಡುಕಿಕೊಂಡು ಬರ್ರಿ, ಮುಂದಿನ ವಾರ," ಎಂದರು ಅಯ್ಯನವರು. ಎಲೀಶಪ್ಪನೂ ನಕ್ಕ.

ಹೀಗೆ ಓದುತ್ತ ಓದುತ್ತ ಬಿಟ್ಟ ಸಂಜೆಗಳ ಬಾಬ್ತಿಗೆ ಬಂದೆವು. ಯಾರಿಂದ ಸಂಜೆ ವಸೂಲು ಮಾಡದೆ ಬಿಟ್ಟಿದ್ದಾರೋ ಅವರ ಲೆಕ್ಕ ಅದು. ಆ ವರ್ಷ ಪುರಸಭೆಯವರು ಅದರಲ್ಲಿ ಒಂದು ಬದಲಾವಣೆ ಸೂಚಿಸಿದ್ದರು. ಸಾವಿನ ಮನೆಗಳ ರಿಯಾಯಿತಿಯನ್ನು ತೆಗೆದುಹಾಕಿ ಆ ಬೆಳಕನ್ನೆಲ್ಲ ಆಸ್ಪತ್ರೆಯ ವಾರ್ಡಿಗೆ ಕೊಡುವುದು. ಅಯ್ಯನವರು ನಿಧಾನವಾಗಿ ವಿವರಿಸಿದರು. ವಸೂಲು ಮಾಡಿ ಕೊಟ್ಟದ್ದು ಮಾತ್ರ ಖರ್ಚಲ್ಲ, ವಸೂಲು ಮಾಡದೆ ಬಿಟ್ಟದ್ದೂ ಖರ್ಚೇ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದ ಯಾರೂ ಪ್ರಶ್ನೆ ಕೇಳುವುದಿಲ್ಲ. ಹೀಗೆ ಹೇಳುತ್ತ ಅವರು ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದರು. ಸಭೆಯಲ್ಲಿ ಆಗ ಸಾವಿನ ಮನೆ ನನ್ನದೊಂದೇ. ರಾಹೇಲ ಹೇಗೆ ಹೋದಳೆಂಬುದು ಎಲ್ಲರಿಗೂ ಗೊತ್ತಿತ್ತು.

"ಅಲ್ರಿ, ವಿಚಾರ ಮಾಡ್ರಿ," ಎಂದ ಎಲೀಶಪ್ಪ, ನನ್ನ ಕಡೆ ನೋಡದೆ. "ಒಬ್ಬ ಮನಿಷ್ಯಾ ಇರೋ ಪಡಸಾಲಿಗೆ ಅಷ್ಟು ಬೆಳಕ ಯಾತಕ್ಕ ಬೇಕು? ಅಲ್ಲಿ ಜನ ಸಾಯಾಕತ್ತಾರ."

ಅವನು ಹೇಳಿದ್ದು ಸರಿಯೆಂದೇ ನನಗೂ ಅನಿಸಿತು. ಎದ್ದು ನಿಂತು, "ನನ್ನ ಮನಿ ಬೆಳಕು ಆಸ್ಪತ್ರಿಗೆ ಹೋಗ್ಲಿ. ಪುಸ್ತಕ ಮಂಜೂರಾಗೂತನಕಾನೂ ಕಾಯೂದು ಬ್ಯಾಡ," ಎಂದೆ. ಸುಂದರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಯ್ಯನವರು ನನಗಾಗಿ ಪ್ರಾರ್ಥನೆ ಮಾಡಿದರು. ರಿಯಾಯಿತಿ ತೆಗೆಯಬಹುದೆಂಬ ವಾಕ್ಯವನ್ನು ಮುಂದಿನ ಭಾನುವಾರ ಬರೆದು ಸಹಿ ಮಾಡುವುದೆಂದೂ, ನನ್ನ ಮನೆಯ ಸಂಜೆಯನ್ನು ಅದರ ಜೊತೆಗೇ ಒಪ್ಪಿಸುವುದೆಂದೂ ಗೊತ್ತಾಯಿತು. ನಾನು ಹಗುರವಾದ ಮನಸ್ಸಿನಿಂದ ಮನೆಗೆ ನಡೆದೆ.

ಸಂಜೆ ಹುಸೇನಬಿ ಬಂದು ಎಂದಿನಂತೆ ಹಾಸಿಕೊಂಡು ಕುಳಿತಳು. ನಿಂಗವ್ವನೂ ಬಂದಳು. ಸ್ವಲ್ಪ ಹೊತ್ತು ಸೂಜಿಯ ಸದ್ದು, ಮೊರದ ಸದ್ದು. ಆಮೇಲೆ ಹುಸೇನಬಿ ತಲೆ ಎತ್ತದೆ, "ಕಾಕಾ, ಚರ್ಚಿನ್ಯಾಗ ಇವತ್ತ ಭಾಳ ದೊಡ್ಡ ಮಾತಾಡಿ ಬಂದ್ರಂತ," ಎಂದಳು.

"ಯಾರು ಹೇಳಿದ್ರು?"

"ಸುಂದರಕ್ಕಾರು ಹೇಳಿದ್ರು. ಪಾಪ, ದಾರೀತುಂಬ ಅತಗೋಂತ ಬಂದ್ರು. ಎರಡು ಕಟ್ಟು ಮೆಂತ್ಯೆ ತಗೊಂಡು ರೊಕ್ಕಾ ಕೊಡೂದು ಮರತ್ರು."

"ಆಸ್ಪತ್ರಿಗೆ ಬೇಕವ್ವಾ. ರಾಹೇಲ ಹೋದದ್ದು ಹ್ಯಾಂಗಂತ ನಿನಗ ಗೊತ್ತೈತಲ್ಲ."

"ಗೊತ್ತೈತ್ರಿ. ಅಕ್ಕನ ಮಣ್ಣಿಗೆ ನಾನೂ ಬಂದಿದ್ದೆ." ದಾರವನ್ನು ಹಲ್ಲಿನಿಂದ ಕಡಿದಳು. "ಕೊಟ್ಟದ್ದು ಚಲೋ ಆತು. ಯಾರದು ಕೊಟ್ರಿ?"

"ನನ್ನ ಮನೀದು. ನಂದ."

"ನಿಮ್ಮದು." ಆಕೆ ಸೀರೆಯ ಮಡಿಕೆಯನ್ನು ಅಂಗೈಯಿಂದ ತೀಡಿದಳು. "ಅಕ್ಕಾ ಹೋದಾಗಿಂದ ಈ ಬೆಳಕಿನ್ಯಾಗ ನೀವು ಏನ್ ಕೆಲಸ ಮಾಡೀರಿ, ಹೇಳ್ರಿ ನೋಡೂಣು."

ನಾನು ಕುರ್ಚಿಯನ್ನು ಕೌದಿಯಿಂದ ಇನ್ನಷ್ಟು ಹಿಂದಕ್ಕೆ ಸರಿಸಿದೆ.

"ನಮ್ಮನ್ನ ನೋಡ್ಯಾರ ಬಿಡವ್ವಾ, ಅದೂ ಕೆಲಸಾನ," ಎಂದಳು ನಿಂಗವ್ವ, ಅಕ್ಕಿಯಿಂದ ಕಲ್ಲು ತೆಗೆದು ಎಸೆಯುತ್ತ.

ಹುಸೇನಬಿ ನಗಲಿಲ್ಲ. "ಬ್ಯಾಡ ಅನ್ನಾಂಗಿಲ್ರಿ ನಾನು. ಆಸ್ಪತ್ರಿಗೆ ಬೇಕು, ಖರೇನ. ನಾಳೆ ನನ್ನ ತಮ್ಮನ್ನೂ ಅಲ್ಲಿಗೇ ಹೊರಬೇಕಾಗ್ತದ. ಆದ್ರ ಕೊಡೂ ಮುಂದ ನಿಮ್ಮ ಹೊಟ್ಟೀದು ಕೊಡ್ರಿ. ನನ್ನ ಸೂಜೀದು ಕೊಟ್ಟು ನೀವು ಆಮೆನ್ ಅನಬ್ಯಾಡ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಸೊಪ್ಪಿನ ಕಟ್ಟಿನ ಬೆಲೆ ಹೇಳುವಂತೆ ಹೇಳಿದಳು. ಆಮೇಲೆ ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದಳು, ಪೋಣಿಸಿಕೊಡಲು. ಆಕೆಯ ಕಣ್ಣಿಗೆ ಹತ್ತಿರದ್ದು ಕಾಣುವುದಿಲ್ಲ. ಪೋಣಿಸಿಕೊಟ್ಟೆ. ಆ ವಾರವೆಲ್ಲ ಆಕೆ ಬಂದಳು, ಆ ಮಾತನ್ನು ಮತ್ತೆ ಎತ್ತಲಿಲ್ಲ. ಹೊಲಿಗೆ ಮಾತ್ರ ಬೇಗ ಬೇಗ ಸಾಗುತ್ತಿತ್ತು, ಇನ್ನು ಇಲ್ಲಿ ದಿನ ಹೆಚ್ಚಿಲ್ಲವೆಂದು ತಿಳಿದವರ ಹೊಲಿಗೆಯ ಹಾಗೆ.

ಬುಧವಾರ ಸಂಜೆಯ ಆರಾಧನೆಗೆ ಹೋದೆ. ಪಾಠಕ್ಕೆ ಅಂದು ಬಂದದ್ದು, ಹೊಲ ಕೊಯ್ಯುವಾಗ ಅಂಚಿನ ತೆನೆಗಳನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆ. ಚಿಕ್ಕಂದಿನಿಂದ ಕೇಳಿದ್ದೇ. ಅಂದು ಮಾತ್ರ ಒಂದು ವಿಚಾರ ಹೊಳೆಯಿತು. ಹೊಲದ ಯಜಮಾನ ಆ ಅಂಚಿನ ತೆನೆಯನ್ನೂ ಕೊಯ್ದು, ತಾನು ತಿನ್ನದೆ, ಯಾವುದೋ ಒಳ್ಳೆಯ ಕೆಲಸಕ್ಕೆ ದಾನ ಮಾಡಿದ ಅನ್ನೋಣ. ಆಗಲೂ ಅವನು ಅಂಚನ್ನು ಕೊಯ್ದವನೇ. ಅದು ಅವನ ಹೊಲದಲ್ಲಿ ಬೆಳೆದಿದೆ ಅಷ್ಟೇ ಹೊರತು ದಾನ ಮಾಡಲು ಅವನದಲ್ಲ. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ರಾಹೇಲ ಸತ್ತ ವಾರ್ಡು ಕಣ್ಣ ಮುಂದೆ ಬಂತು. ಅದಕ್ಕೆ ಬೆಳಕು ಬೇಡವೆಂದು ಹೇಳುವುದು ಹೇಗೆ? ಹಾಗೆ ಯೋಚಿಸುತ್ತ ತಲೆ ತಗ್ಗಿಸಿದಾಗ ನೆಲದ ಮೇಲೆ ಕಿಟಕಿಯ ಬಣ್ಣದ ಗಾಜಿನ ಬೆಳಕು ಬಿದ್ದಿತ್ತು. ಊರಿನ ಮನೆಗಳಲ್ಲೆಲ್ಲ ಆಗ ಕತ್ತಲೆ. ನಾವು ಹತ್ತಿಪ್ಪತ್ತು ಜನ ಇಷ್ಟು ದೊಡ್ಡ ಬೆಳಕಿನಲ್ಲಿ ಕುಳಿತಿದ್ದೆವು. ಹುಟ್ಟಿದಾಗಿನಿಂದ ಕುಳಿತಿದ್ದೆವು. ಪ್ರಾರ್ಥನಾ ಮಂದಿರಗಳೂ ಸಂಜೆ ಕಟ್ಟುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅದೂ ಬಿಟ್ಟ ಸಂಜೆಯೇ ಎಂದು ನಾವು ಎಣಿಸಿರಲಿಲ್ಲ.

ಭಾನುವಾರ ಪಾಠಕ್ಕೆ ಜನ ಹೆಚ್ಚು ಉಳಿದಿದ್ದರು. ನನ್ನ ಕಥೆ ಹರಡಿತ್ತೆಂದು ಕಾಣುತ್ತದೆ. ನಾನು ಎದ್ದು, "ಹೋದ ವಾರ ಕೊಟ್ಟದ್ದನ್ನ ತಿರುಗಿ ತಗೊಳ್ತೀನಿ," ಎಂದೆ.

"ಏನಂದ್ರಿ?" ಎಂದ ಎಲೀಶಪ್ಪ. "ದೇವರಿಗೆ ಕೊಟ್ಟದ್ದು ಯಾರರೆ ತಿರುಗಿ ತಗೊಳ್ತಾರೇನು?"

"ದೇವರಿಗೆ ಕೊಟ್ಟಿದ್ದಿಲ್ಲೋ ಎಲೀಶಾ, ಪುರಸಭೆಗೆ ಕೊಟ್ಟಿದ್ದೆ. ಅದೂ ಹುಸೇನಬೀದು, ನಿಂಗವ್ವಂದು. ಅವರನ್ನ ಕೇಳಿದ್ದಿಲ್ಲ." ನಂತರ ಹೇಳಬೇಕೆಂದುಕೊಂಡದ್ದನ್ನು ಹೇಳಿದೆ. ಸಾವಿನ ಮನೆಗಳ ಬೆಳಕು ಅಲ್ಲೇ ಇರಲಿ. ಅದನ್ನು ನೆಚ್ಚಿ ಬದುಕುವವರಿದ್ದಾರೆ. ಆಸ್ಪತ್ರೆಗೆ ನಮ್ಮ ಚರ್ಚಿನ ಸಂಜೆ ಕೊಡೋಣ, ಅದು ನಮ್ಮದು.

ಸಭೆಯಲ್ಲಿ ಗುಲ್ಲೆದ್ದಿತು. "ಚರ್ಚು ಕತ್ಲಾಗಿ ಕೂತ್ರ ದೇವರಿಗೆ ಮರ್ಯಾದಿ ಉಳೀತದೇನು?" ಎಂದ ಎಲೀಶಪ್ಪ. ಸಂಜೆ ಮದುವೆಗಳನ್ನು ಏನು ಮಾಡುವುದು ಎಂದು ಇನ್ನೊಬ್ಬರು. ಸುಂದರಮ್ಮ, "ಹಾಡಿನ ಪುಸ್ತಕ ಹ್ಯಾಂಗ ನೋಡೂದ್ರಿ?" ಎಂದರು.

"ಅಕ್ಕಾರ, ನಿಮ್ಮ ಲಗ್ನಾದಾಗಿಂದ ಅವೇ ಹಾಡು ಹಾಡ್ತೀರಿ. ಇನ್ನೂ ಪುಸ್ತಕ ಬೇಕಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

ಎಲೀಶಪ್ಪ ಸುಮ್ಮನಾಗಲಿಲ್ಲ. ಅವನ ಮಾತಿನಲ್ಲೂ ಹುರುಳಿತ್ತು. "ಗುಡ್ಯಾವರು ಕೊಡಾಕತ್ತಾರೇನು? ಮಸೂತ್ಯಾವರು ಕೊಡಾಕತ್ತಾರೇನು? ನಾವು ನಾಲ್ಕು ಮಂದಿ ಇದ್ದವರು. ನಮ್ಮದಷ್ಟ ಕತ್ಲ ಮಾಡ್ಕೊಂಡು ಕೂತ್ರ ಊರ ಮಂದಿ ನಕ್ಕಾರು. ನಮ್ಮಷ್ಟರಿಂದ ಆಸ್ಪತ್ರಿ ಬೆಳಗತದೇನು?"

ಎಲ್ಲರೂ ಅಯ್ಯನವರ ಕಡೆ ತಿರುಗಿದರು. ಅವರು ಪುಸ್ತಕವನ್ನು ತೊಡೆಯ ಮೇಲೆ ಮಗುಚಿ ಇಟ್ಟರು. "ಆ ಬಾಬ್ತಿನೊಳಗ ನಮ್ಮ ಹೆಸರೂ ಐತಿ. ಹೋದ ವಾರ ನಾನು ಅದನ್ನ ಓದಲಿಲ್ಲ. ಕಣ್ಣಿಗೆ ಬಿದ್ದಿತ್ತು, ಓದಲಿಲ್ಲ," ಎಂದರು. ಆಮೇಲೆ, "ಗುಡಿಯವರು ಮಸೂತಿಯವರು ತಮ್ಮ ವಾಕ್ಯ ತಾವು ಬರೀಲಿ ಎಲೀಶಪ್ಪನವರ. ಪುರಸಭೆಯವರು ನಮ್ಮನ್ನ ಕೇಳಿರೋದು ನಮ್ಮ ವಾಕ್ಯ. ಊರೆಲ್ಲ ಬೆಳಗಬೇಕು ಅಂತ ಅವರು ಕೇಳಿಲ್ಲ. ಒಪ್ಪಿಗೆ ಇದ್ದವರು ಕೈ ಎತ್ತರಿ," ಎಂದು ತಾವೇ ಮೊದಲು ಕೈ ಎತ್ತಿದರು.

ಮೊದಲಿಗೆ ಎದ್ದ ಕೈಗಳು ಸಾಲದಾದವು. ಸುಂದರಮ್ಮ ಮಡಿಲಲ್ಲಿದ್ದ ಹಾಡಿನ ಪುಸ್ತಕವನ್ನು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿ ಕೈ ಎತ್ತಿದರು. ಅವರ ಹಿಂದೆ ಸ್ತ್ರೀಸಮಾಜದ ಬೆಂಚೆಲ್ಲ ಎತ್ತಿತು. ಎಲೀಶಪ್ಪ ಎತ್ತಲಿಲ್ಲ. ಆದರೆ ಸಭೆಯಲ್ಲಿ ಅಂದವಾದ ಅಕ್ಷರ ಅವನದೇ ಆದ್ದರಿಂದ ವಾಕ್ಯ ಬರೆಯುವ ಕೆಲಸ ಅವನಿಗೇ ಬಂತು. ಮುಖ ಗಂಟಿಕ್ಕಿಕೊಂಡು ಬರೆದು, ಗಟ್ಟಿಯಾಗಿ ಓದಿದ: ಸಾವಿನ ಮನೆಗಳ ಸಂಜೆಯನ್ನು ಮುಟ್ಟಬೇಡಿರಿ, ನಮ್ಮ ದೇವಾಲಯದ ಸಂಜೆಯನ್ನು ತೆಗೆದುಕೊಂಡು ಆಸ್ಪತ್ರೆಗೆ ಕೊಡಿರಿ.

ಪುರಸಭೆಯವರು ಒಪ್ಪಿಕೊಂಡರು. ಒಂದು ಬಾಬ್ತು ಮುಟ್ಟದೆ ಇನ್ನೊಂದರಿಂದ ಸಿಕ್ಕಿದರೆ ಅವರಿಗೇನು ನಷ್ಟ? ಉಳಿದ ಮಂದಿರಗಳವರು ಏನು ಬರೆದರೆಂದು ನನಗೆ ತಿಳಿಯದು. ಎಲೀಶಪ್ಪ ಹೇಳಿದಂತೆ ನಮ್ಮದರಿಂದ ಆಸ್ಪತ್ರೆಯೆಲ್ಲ ಬೆಳಗಲಿಲ್ಲ. ಹೆಂಗಸರ ವಾರ್ಡಿನಲ್ಲಿ ಗೋಡೆಯ ಕಡೆಯ ಸಾಲಿಗೆ ಸಾಕಾಯಿತು. ಕಿಟಕಿಯ ಕಡೆಯ ಸಾಲಿಗೆ ಸಾಲಲಿಲ್ಲ. ರಾಹೇಲಳ ಮಂಚ ಕಿಟಕಿಯ ಕಡೆ ಇತ್ತು.

ಬುಧವಾರದ ಆರಾಧನೆ ಈಗ ಕತ್ತಲೆಯಲ್ಲಿ ನಡೆಯುತ್ತದೆ. ಮೊದಲ ವಾರ ಎಲೀಶಪ್ಪ ಮೆಟ್ಟಿಲು ಎಡವಿದ, ಎಲ್ಲರೂ ಹಾಡು ನಿಲ್ಲಿಸಿ ಅವನು ಕೂರುವುದನ್ನೇ ಕಾದೆವು. ಇಷ್ಟು ವರ್ಷ ಯಾರು ಯಾರು ಬರೀ ತುಟಿ ಆಡಿಸುತ್ತಿದ್ದರೆಂಬುದು ಬೇಗ ಗೊತ್ತಾಯಿತು. ಅಯ್ಯನವರಿಗೆ ಬರೆದುಕೊಂಡ ಕಾಗದ ಕಾಣದ್ದರಿಂದ ಪ್ರಸಂಗ ಚಿಕ್ಕದಾಯಿತು. ಅದರ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ನನ್ನ ಪಡಸಾಲೆಯ ಬೆಳಕು ಉಳಿಯಿತು. ಹುಸೇನಬಿ ಹಿಂದಿನಂತೆ ನಿಧಾನವಾಗಿ ಹೊಲಿಯತೊಡಗಿದಳು. ಚರ್ಚಿನಲ್ಲಿ ನಡೆದದ್ದನ್ನು ಹೇಳಿದಾಗ, "ಹೌದೇನ್ರಿ," ಎಂದಳು, ಅಷ್ಟೇ. ಮರುದಿನ ಮಾತ್ರ ಒಂದು ಕಟ್ಟು ರಾಜಗಿರಿ ಸೊಪ್ಪು ತಂದು ಒಲೆಯ ಕಟ್ಟೆಯ ಮೇಲಿಟ್ಟು, ಬಾಡಿದ್ದು, ಮಾರಾಟ ಆಗಲಿಲ್ಲ ಎಂದಳು. ಬಾಡಿರಲಿಲ್ಲ.

ವರ್ಷ ತುಂಬಿತು. ಸಮಾಧಿಯ ಹತ್ತಿರ ಪ್ರಾರ್ಥನೆ ಮುಗಿಸಿ ಬಂದ ದಿನ ಸಂಜೆ, ಬೀದಿಯಲ್ಲಿ ಬಿಸಿಲಿರುವಾಗಲೇ ಪಡಸಾಲೆಯಲ್ಲಿ ಕತ್ತಲೆ ಬಿದ್ದಿತು. ಮೊದಲು ಇದೇ ಬೇಕೆಂದಿದ್ದೆ. ಈಗ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದೆ. ಹುಸೇನಬಿ ಗಂಟು ತಲೆಯ ಮೇಲಿಟ್ಟುಕೊಂಡು ಕಟ್ಟೆಯ ಕೆಳಗೆ ನಿಂತಿದ್ದಳು, ನಿಂಗವ್ವ ಮೊರ ಹಿಡಿದು ಅವಳ ಹಿಂದೆ.

"ಗಾಣಿಗೇರ ಓಣ್ಯಾಗ ಒಬ್ಬಾಂವ ಮಗಳನ್ನ ಕಳಕೊಂಡಾನ್ರಿ," ಎಂದಳು. "ಅಲ್ಲೀಗೆ ಹೊಂಟೀವಿ. ಬರ್ರಿ."

"ನನಗ ಆತನ ಗುರ್ತಿಲ್ಲವ್ವಾ."

"ನಮಗೂ ಇಲ್ರಿ. ಚಪ್ಪಲಿ ಹಾಕ್ಕೋರಿ."

ಹೋದೆವು. ಆತ ಐವತ್ತರ ಒಳಗಿನವನು, ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದ. ಹುಸೇನಬಿ ಒಳಗೆ ಹೋಗಿ ಸೀರೆಗಳನ್ನು ಹಾಸಿದಳು. ದೊಡ್ಡ ಕೌದಿ ಅದು, ಒಬ್ಬರಿಂದ ಬಿಗಿಯಾಗುವಂಥದಲ್ಲ. "ಯಜಮಾನ್ರ, ಆ ತುದಿ ಸ್ವಲ್ಪ ಜಗ್ಗಿ ಹಿಡೀರಿ," ಎಂದಳು. ಆತ ಬಗ್ಗಿ ಹಿಡಿದ. ಎದುರಿನ ತುದಿಯನ್ನು ನಾನು ಹಿಡಿದೆ. ಹುಸೇನಬಿ ನಮ್ಮಿಬ್ಬರ ನಡುವೆ ಕುಳಿತು ಮೊದಲ ಸಾಲು ಹೊಲಿಯತೊಡಗಿದಳು. ಹೊರಗೆ ಬೀದಿಯಲ್ಲಿ ಕತ್ತಲಾಗುವವರೆಗೆ ನಾವು ಹಾಗೆಯೇ ಹಿಡಿದುಕೊಂಡಿದ್ದೆವು.